ಕರೆಂಟಿನ ಗಾಡಿಗೆ ಎತ್ತಿನ ಗೆಜ್ಜೆ

ಮರಾಠಿ ಸೀಮೆಯ ಖಾರಘರದ ಪರ್ವತಛಾಯಾ ವಸತಿ ಸೊಸೈಟಿಯ ಬೇಸ್‌ಮೆಂಟಿಗೆ ಸೂರ್ಯ ಇಳಿಯುವುದಿಲ್ಲ. ಐದು ಗಂಟೆಗೆ ಇನ್ನೂ ಐದು ನಿಮಿಷ ಇರುವಾಗ ಇಳಿಜಾರಿನ ಮೇಲಿನಿಂದ ಬಕೆಟ್ಟಿನ ಹಿಡಿ ಕಟಕಟ ಎಂದರೆ ಅಲ್ಲಿಗೆ ಬೆಳಗಾಯಿತು ಎಂದು ಲೆಕ್ಕ. ಕಾವಲುಗಾರ ಕುರ್ಚಿಯಲ್ಲೇ ಸರಿದು ನೆಟ್ಟಗೆ ಕೂರುತ್ತಾನೆ. ಎರಡು ಬಕೆಟ್, ಹೆಗಲ ಮೇಲೆ ಐದಾರು ಬಟ್ಟೆ, ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಟ್ಟ ಮರೆಮ್ಮ ಕೆಳಗಿಳಿದು ಮೊದಲ ಕಂಬಕ್ಕೆ ಬೆನ್ನು ಕೊಟ್ಟು ಒಂದು ಗಳಿಗೆ ನಿಲ್ಲುತ್ತಾರೆ. ಹಾಲು ಕೆಟ್ಟಿದೆಯೇ ಎಂದು ಪಾತ್ರೆಗೆ ಬಗ್ಗಿದವರ ಹಾಗೆ ಮೂಗಿನಿಂದ ಗಾಳಿ ಎಳೆದು ನೋಡುತ್ತಾರೆ. "ಇವತ್ತ ಅಡ್ಡಿಯಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ಕೆಲಸಕ್ಕೆ ಕೂರುತ್ತಾರೆ.

ಮರೆಮ್ಮನಿಗೆ ನಲವತ್ತಾರು ವರ್ಷ. ಊರು ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರ. ಕೆಲಸ ಕಾರು ಒರೆಸುವುದು. ಐದರಿಂದ ಒಂಬತ್ತರ ಒಳಗೆ ಮೂವತ್ನಾಲ್ಕು ಕಾರು ಮುಗಿಯಬೇಕು. ಪೈಪಿನಲ್ಲಿ ನೀರು ಬಿಡುವ ಹಾಗಿಲ್ಲ, ಮೂರು ಕಾರಿಗೆ ಒಂದು ಬಕೆಟ್ ಎಂದು ಸೊಸೈಟಿಯ ನಿಯಮ. ಮೊದಲು ಒಣ ಬಟ್ಟೆಯಲ್ಲಿ ಧೂಳು ಕೊಡವಬೇಕು, ಆಮೇಲೆ ಒದ್ದೆ ಬಟ್ಟೆ, ಗಾಜಿಗೆ ಹಳೆಯ ಪೇಪರು, ಚಕ್ರದ ರಿಮ್ಮಿಗೆ ಬೇರೆ ಬಟ್ಟೆ. ಇಷ್ಟನ್ನು ಖಾರಘರದ ಯಾವ ಸೊಸೈಟಿಯಲ್ಲಾದರೂ ಮಾಡುತ್ತಾರೆ. ಮರೆಮ್ಮ ಇನ್ನೊಂದು ಮಾಡುತ್ತಾರೆ. ಎಲ್ಲ ಮುಗಿದ ಮೇಲೆ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಿಳಿಯ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ಸೈಲೆನ್ಸರ್ ಪೈಪಿನ ಬಾಯೊಳಗೆ ಒಂದು ಸುತ್ತು ತಿರುಗಿಸಿ ತೆಗೆಯುತ್ತಾರೆ. ಮಗುವಿನ ಮೂಗು ಒರೆಸಿದಷ್ಟೇ ಸಲೀಸು.

ಇದನ್ನು ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. "ಎಲ್ಲಾ ಒರಸಿ ಅದೊಂದು ಬಿಟ್ರ ಮನಸ್ಸಿಗಿ ಸಮಾಧಾನ ಇರಂಗಿಲ್ರಿ. ಆ ಮಸಿ ಬಂಪರಿಗಿ ಹತ್ತತದ, ಬಂಪರಿಂದ ನನ್ನ ಸೀರಿಗಿ ಹತ್ತತದ," ಎನ್ನುತ್ತಾರೆ. ಹದಿನಾಲ್ಕು ವರ್ಷ ಹೀಗೆ ಒರೆಸಿದ ಮೇಲೆ ಆ ಬಟ್ಟೆಯೇ ಅವರಿಗೆ ಎಲ್ಲವನ್ನೂ ಹೇಳುತ್ತದೆ. ಯಾರ ಗಾಡಿಗೆ ಆಯಿಲ್ ಬದಲಿಸುವ ಹೊತ್ತಾಗಿದೆ, ಯಾರು ಪೆಟ್ರೋಲ್ ಗಾಡಿಗೆ ಗ್ಯಾಸ್ ಹಾಕಿಸಿದ್ದಾರೆ, ಯಾರು ನಿನ್ನೆ ಪುಣೆಗೆ ಹೋಗಿ ಬಂದಿದ್ದಾರೆ ಎಂಬುದು ಗ್ಯಾರೇಜಿನವರಿಗಿಂತ ಮೊದಲು ಮರೆಮ್ಮನಿಗೆ ತಿಳಿಯುತ್ತದೆ.

ಅವರ ಮೂವತ್ನಾಲ್ಕು ಗಾಡಿಗಳಲ್ಲಿ ಐದು ಡೀಸೆಲ್, ಹನ್ನೆರಡು ಪೆಟ್ರೋಲ್, ಆರು ಸಿಎನ್‌ಜಿ. ಎರಡು ಹೈಬ್ರಿಡ್. ಉಳಿದ ಒಂಬತ್ತು ಎಲೆಕ್ಟ್ರಿಕ್. ಅವುಗಳ ಹಿಂದೆ ಹೋಗಿ ಬೆರಳಿಗೆ ಬಟ್ಟೆ ಸುತ್ತಿಕೊಂಡರೆ ತೂರಿಸಲು ತೂತೇ ಇಲ್ಲ. ನಾಲ್ಕು ವರ್ಷದ ಹಿಂದೆ ಮೊದಲನೆಯದು ಬಂದಾಗ ಮರೆಮ್ಮ ಬಗ್ಗಿ, ಆಮೇಲೆ ಮಲಗಿ, ಕೊನೆಗೆ ಮೊಬೈಲಿನ ಬೆಳಕು ಹಾಕಿ ಹುಡುಕಿದ್ದರಂತೆ. "ಪೈಪ್ ಕಳು ಆಗ್ಯಾದ ಅನ್ಕೊಂಡೆ ನೋಡ್ರಿ. ಹೊಸಾ ಗಾಡಿ, ನಂದೇ ಹೆಸರು ಬರ್ತದಲ್ಲ ಅಂತ ಎದಿ ಧಸಕ್ ಅಂತು. ವಾಚ್‌ಮನ್‌ಗ ಕರದು ತೋರಸೀನಿ, ನಾ ಮುಟ್ಟಿಲ್ಲಪ್ಪಾ, ಮೊದಲೇ ಇರಲಿಲ್ಲ ಅಂತ." ಈ ಕತೆ ಹೇಳುವಾಗಲೆಲ್ಲ ಅವರು ಸೆರಗು ಬಾಯಿಗಿಟ್ಟು ನಗುತ್ತಾರೆ.

ಹಾಗೆ ನಗುತ್ತಿರುವಾಗಲೇ ಹಿಂದಿನಿಂದ 'ಗಲ್' ಎಂದು ಸದ್ದಾಗುತ್ತದೆ. ಮರೆಮ್ಮ ಮಾತು ಅರ್ಧಕ್ಕೆ ನಿಲ್ಲಿಸಿ, ಬಕೆಟ್ ಎತ್ತಿಕೊಂಡು ಕಂಬದ ಮಗ್ಗುಲಿಗೆ ಸರಿಯುತ್ತಾರೆ. ನೀಲಿ ಬಣ್ಣದ ಎಲೆಕ್ಟ್ರಿಕ್ ಕಾರೊಂದು ಸದ್ದಿಲ್ಲದೆ ಹಿಂದಕ್ಕೆ ಬಂದು, ತಿರುಗಿ, ಇಳಿಜಾರು ಹತ್ತಿ ಹೋಗುತ್ತದೆ. ಅದರ ಹಿಂದಿನ ನಂಬರ್ ಪ್ಲೇಟಿನ ಕೆಳಗೆ, ತಾಮ್ರದ ತಂತಿಯಲ್ಲಿ ಕಟ್ಟಿದ ಹಿತ್ತಾಳೆಯ ಗೆಜ್ಜೆಯೊಂದು ತೂಗಾಡುತ್ತಿದೆ. ಎತ್ತಿನ ಕೊರಳಿನ ಗೆಜ್ಜೆ. ಅದು ಅಲ್ಲಿಗೆ ಬಂದದ್ದಕ್ಕೆ ಹಿಂದೊಂದು ಕತೆಯಿದೆ, ಅದರಲ್ಲಿ ಮರೆಮ್ಮನ ಕಾಲೂ ಇದೆ, ಎದೆಯೂ ಇದೆ.

ಎದೆಯ ಕತೆ ಹಳೆಯದು. ಮರೆಮ್ಮ ಮತ್ತು ಗಂಡ ಶಂಕ್ರೆಪ್ಪ ಖಾರಘರಕ್ಕೆ ಬಂದದ್ದು ಇದೇ ಕಟ್ಟಡ ಕಟ್ಟಲು. ಶಂಕ್ರೆಪ್ಪ ಸೆಂಟ್ರಿಂಗ್ ಕೆಲಸಕ್ಕೆ, ಮರೆಮ್ಮ ಕಾಂಕ್ರೀಟ್ ಹೊರಲು. ಈ ಬೇಸ್‌ಮೆಂಟಿನ ನೆಲ ಹಾಕಿದ ದಿನ ಬಾಣಲೆ ಹೊತ್ತವರಲ್ಲಿ ಅವರೂ ಒಬ್ಬರು. ಕಟ್ಟಡ ಮುಗಿದು ಕೂಲಿಯವರ ತಗಡಿನ ಶೆಡ್ಡು ಕಿತ್ತಾಗ, ಶಂಕ್ರೆಪ್ಪ ಮುಂದಿನ ಕಟ್ಟಡಕ್ಕೆ ಹೋದರು. ಮಗಳು ಮಾಲಾ ಆಗ ಬಾಲವಾಡಿಗೆ ಹೋಗುತ್ತಿದ್ದಳು, ಮತ್ತೆ ಶೆಡ್ಡಿನಿಂದ ಶೆಡ್ಡಿಗೆ ಅಲೆಯುವುದು ಬೇಡವೆಂದು ಮರೆಮ್ಮ ಇಲ್ಲೇ ಬಟ್ಟೆ ಬಕೆಟ್ ಹಿಡಿದರು. ಬೆಟ್ಟದ ಬುಡದ ಹಳ್ಳಿಯಲ್ಲಿ ಚಾಳಿನ ಒಂದು ಕೋಣೆ ಸಿಕ್ಕಿತು. ಮಾಲಾ ಈಗ ನೆರೂಳದ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ತಾಯಿ ಕನ್ನಡದಲ್ಲಿ ಬೈದರೆ ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ.

ಬೇಸ್‌ಮೆಂಟಿನ ಗಾಳಿ ಎಳೆದು ಹೊರಹಾಕಲು ಎರಡು ದೊಡ್ಡ ಫ್ಯಾನುಗಳಿವೆ. ಆಗ ಒಂದು ಕೆಟ್ಟು ಎಷ್ಟೋ ಕಾಲವಾಗಿತ್ತು, ಇನ್ನೊಂದನ್ನು ಏಳು ಗಂಟೆಗೆ ಹಾಕುತ್ತಿದ್ದರು. ಆದರೆ ಗಾಡಿಗಳು ಹೊರಡುವುದೇ ಐದೂವರೆಯಿಂದ ಏಳೂವರೆಯ ಒಳಗೆ. ತಣ್ಣಗಿನ ಎಂಜಿನ್ ಮೊದಲ ಸಲ ಎದ್ದಾಗಿನ ಹೊಗೆಯೇ ಬೇರೆ, ದಪ್ಪ, ಕಣ್ಣಿಗೆ ಹತ್ತುವಂಥದ್ದು. ಅದು ಮೇಲಕ್ಕೆ ಹೋಗಲು ಆಕಾಶ ಇಲ್ಲ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತವರ ಮೂಗಿನ ಎತ್ತರಕ್ಕೇ ಸರಿಯಾಗಿ ಪೈಪಿನ ಬಾಯಿ ಇರುತ್ತದೆ.

ಐದು ಡೀಸೆಲ್ ಗಾಡಿಗಳಲ್ಲಿ ದೊಡ್ಡದು ಪುಂಡರೀಕಾಕ್ಷ ಅವರದು. ಉಡುಪಿಯ ಕಡೆಯವರು, ನೆರೂಳದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ, ಸೊಸೈಟಿಯ ಸೆಕ್ರೆಟರಿ ಕೂಡ. ಇಡ್ಲಿಯ ಮೊದಲ ಒಬ್ಬೆ ಇಳಿಯುವ ಹೊತ್ತಿಗೆ ಹೋಟೆಲಿನಲ್ಲಿ ಇರಬೇಕೆಂದು ಐದೂವರೆಗೇ ಕೆಳಗೆ ಬರುತ್ತಾರೆ. ಬಂದವರು ಎಂಜಿನ್ ಚಾಲೂ ಮಾಡಿ, ಅದು ಬಿಸಿಯಾಗಲೆಂದು ಬಿಟ್ಟು, ಹೊರಗೆ ನಿಂತು ಮೂರು ನಿಮಿಷ ದೇವರ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. "ಸಾಹೇಬ್ರ ಗಾಡಿ ಎದ್ದು ಕೆಮ್ಮತದ, ಅದರ ಹಿಂದ ನಾ ಕೆಮ್ಮತೀನಿ. ಇಬ್ಬರೂ ಕೆಮ್ಮಿ ಮುಗಿಸಿದ ಮ್ಯಾಗ ಅವರ ಮಂತ್ರ ಮುಗೀತದ," ಎಂದು ಮರೆಮ್ಮ ಅವರೆದುರಿಗೇ ಹೇಳುತ್ತಿದ್ದರು. ಪುಂಡರೀಕಾಕ್ಷರೂ ನಗುತ್ತಿದ್ದರು.

ನಗುವ ಸಂಗತಿಯೇನೂ ಆಗಿರಲಿಲ್ಲ. ಏಳೆಂಟು ವರ್ಷ ಕಳೆಯುವಷ್ಟರಲ್ಲಿ ಮರೆಮ್ಮನಿಗೆ ಇಳಿಜಾರು ಹತ್ತಿದರೆ ಉಸಿರು ಸಾಲದಾಯಿತು. ಮಳೆಗಾಲದಲ್ಲಿ ಮಲಗಿದರೆ ಎದೆಯೊಳಗೆ ಸೀಟಿ. ಆರೋಗ್ಯ ಕೇಂದ್ರದ ಡಾಕ್ಟರು ಬಾಯಿಗೆ ಇಟ್ಟು ಎಳೆಯುವ ಪಂಪು ಕೊಟ್ಟು, "ಮೌಶಿ, ಕಾಮ್ ಬದಲೋ. ಬೇಸ್‌ಮೆಂಟ್ ಛೋಡೋ," ಎಂದು, ಈ ಕೆಲಸವನ್ನೇ ಬಿಡುವಂತೆ ನೇರವಾಗಿ ಹೇಳಿದರು. ಮರೆಮ್ಮ ಪಂಪು ತಂದರು, ಕೆಲಸ ಬಿಡಲಿಲ್ಲ. ಮೂವತ್ತು ಮನೆಯವರ ನಂಬಿಕೆ ಗಳಿಸಲು ಅಷ್ಟು ವರ್ಷ ಹಿಡಿದಿತ್ತು. ಬೇರೆ ಕಡೆ ಹೋದರೂ ಬೇಸ್‌ಮೆಂಟಿಲ್ಲದ ಕಟ್ಟಡ ಖಾರಘರದಲ್ಲಿ ಎಲ್ಲಿದೆ?

ಈ ನಡುವೆ ಒಂದೊಂದಾಗಿ ಪೈಪಿಲ್ಲದ ಗಾಡಿಗಳು ಬಂದವು. ಮೊದಲನೆಯ ವರ್ಷ ಒಂದು, ಮರುವರ್ಷ ಎರಡು, ಆಮೇಲೆ ಬೇಗ ಬೇಗ ಆರು. ಬದಲಾವಣೆಯನ್ನು ಮರೆಮ್ಮ ಮೊದಲು ಕಂಡದ್ದು ಬಟ್ಟೆಯಲ್ಲಿ. ಮೊದಲು ಸೋಮವಾರ ತೆಗೆದ ಬಿಳಿ ಬಟ್ಟೆ ಬುಧವಾರಕ್ಕೆ ಒಲೆಯ ಮಸಿಬಟ್ಟೆಯಂತಾಗುತ್ತಿತ್ತು. ಈಗ ಶುಕ್ರವಾರದವರೆಗೂ ಮೂಲೆಯಲ್ಲಿ ಒಂದಿಷ್ಟು ಬಿಳಿ ಉಳಿಯುತ್ತದೆ. ರಿಮ್ ಒರೆಸುವಾಗಲೂ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಗಾಡಿಗಳು ಮೋಟಾರಿನಿಂದಲೇ ವೇಗ ತಗ್ಗಿಸಿಕೊಳ್ಳುವುದರಿಂದ ಬ್ರೇಕು ಅಷ್ಟು ಸವೆಯುವುದಿಲ್ಲ, ರಿಮ್ಮಿಗೆ ಕೂರುವ ಕರಿಪುಡಿ ಕಡಿಮೆ. "ಆದ್ರ ಟಯರು ಲಗೂನ ಸವೀತಾವ್ರಿ. ಗಾಡಿ ಭಾರ ಅದಲ್ಲ. ಅದನ್ನೂ ಹೇಳಬೇಕು, ಬರೇ ಚಲೋದು ಹೇಳಿದ್ರ ಸುಳ್ಳಾಗತದ," ಎಂದು ಬೆರಳೆತ್ತಿ ಎಚ್ಚರಿಸುತ್ತಾರೆ.

ಹೈಬ್ರಿಡ್ ಬಗ್ಗೆ ಅವರದೇ ಒಂದು ವಿವರಣೆಯಿದೆ. ಎರಡರಲ್ಲಿ ಒಂದು ನಿವೃತ್ತ ಶಿಕ್ಷಕಿ ಸತ್ಯಭಾಮಾ ಅವರದು. ಮರೆಮ್ಮನ ಬಿಳಿ ಬಟ್ಟೆಗಳೆಲ್ಲ ಅವರ ಮನೆಯ ಹಳೆಯ ಹಾಸಿಗೆ ಹೊದಿಕೆಗಳೇ. ಆ ಗಾಡಿ ಹೊರಡುವಾಗ ಬ್ಯಾಟರಿಯ ಮೇಲೆ ಮೆಲ್ಲಗೆ ಹೊರಡುತ್ತದೆ, ರಸ್ತೆಗೆ ಹೋದ ಮೇಲೆ ಬೇಕಾದರೆ ಪೆಟ್ರೋಲ್ ಎಂಜಿನ್ ಏಳುತ್ತದೆ. ಪೈಪು ಇದೆ, ಆದರೆ ನಾಲ್ಕು ದಿನಕ್ಕೊಮ್ಮೆ ಒರೆಸಿದರೂ ಸಾಕು. "ಅಕ್ಕೋರ ಗಾಡಿ ಒಪ್ಪತ್ತು ಮಾಡ್ತದ," ಎನ್ನುತ್ತಾರೆ ಮರೆಮ್ಮ. ಶ್ರಾವಣದಲ್ಲಿ ಒಂದೇ ಹೊತ್ತು ಉಣ್ಣುವ ಅತ್ತೆಯನ್ನು ಕಂಡವರಿಗೆ ಬೇರೆ ವಿವರಣೆ ಬೇಕಾಗಿಲ್ಲ. ಸತ್ಯಭಾಮಾ ಅವರಿಗೂ ಅದು ಹಿಡಿಸಿ, ಯಾರಾದರೂ ಯಾವ ಗಾಡಿ ಎಂದು ಕೇಳಿದರೆ ಈಗ ಅದನ್ನೇ ಹೇಳುತ್ತಾರೆ.

ಎದೆಯೂ ಹಗುರಾಯಿತು. ಕಳೆದ ಎರಡು ಮಳೆಗಾಲದಲ್ಲಿ ಪಂಪನ್ನು ಕೈಗೆತ್ತಿಕೊಂಡದ್ದು ಬೆರಳೆಣಿಕೆಯಷ್ಟು ಸಲ. ಗಾಡಿಗಳಿಂದಲೇ ಹೀಗಾಯಿತು ಎಂದು ಡಾಕ್ಟರು ಒಪ್ಪುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಮರೆಮ್ಮನಿಗೆ ಮಾತ್ರ ಅನುಮಾನವೇ ಇಲ್ಲ. ಅವರಿಗೆ ಕೆಲಸ ಬದಲಿಸಲು ಆಗಿರಲಿಲ್ಲ, ಗಾಳಿಯೇ ಬದಲಾಗುತ್ತಿತ್ತು.

ಆಗಲೇ ಕಾಲು ಮುರಿಯಿತು.

ಕಳೆದ ವರ್ಷ ಗಣಪತಿ ಹಬ್ಬಕ್ಕೆ ಎಂಟು ದಿನ ಇತ್ತು. ಮರೆಮ್ಮ ಒಂದು ಕಾರಿನ ಹಿಂದೆ ಕೂತು, ನೋಯುವ ಎಡಗಾಲನ್ನು ಚಾಚಿಕೊಂಡು ಪೈಪು ಒರೆಸುತ್ತಿದ್ದರು. ಪಕ್ಕದ ನೀಲಿ ಕಾರು ನಿಶಾ ಎಂಬ ಹುಡುಗಿಯದು. ಐರೋಲಿಯ ಕಚೇರಿಯಲ್ಲಿ ಕೆಲಸ, ಆ ವಾರ ಬೆಳಗಿನ ಪಾಳಿ. ಆಕೆ ಇನ್ನೊಂದು ಬದಿಯಿಂದ ಬಂದು ಕೂತದ್ದು ಮರೆಮ್ಮನಿಗೆ ಕಾಣಲಿಲ್ಲ. "ನಾ ಕಿವಿಲೇ ಕೆಲಸ ಮಾಡಾಕಿ ನೋಡ್ರಿ. ಕಣ್ಣು ಅರಿವಿ ಮ್ಯಾಗ, ಕಿವಿ ಬೆನ್ನ ಹಿಂದ. ಇಂಜಿನ್ ಗುರ್ ಅಂದ್ರ ಯಾವ ಗಾಡಿ, ಎತ್ತಾಗ ಹೊರಳತದ, ಎಲ್ಲಾ ತಿಳೀತದ. ಹತ್ತು ವರ್ಷ ಹಂಗೇ ಬದುಕೀನಿ." ಆ ಗಾಡಿ ಗುರ್ ಎನ್ನಲಿಲ್ಲ. ಅದರ ಸಣ್ಣ ಗುಂಯ್‌ಗುಡುವಿಕೆಯನ್ನು ನೀರಿನ ಪಂಪಿನ ಮೋಟಾರು ನುಂಗಿಬಿಟ್ಟಿತ್ತು. ಒಳಗೆ ಸೆನ್ಸರ್ ಕೂಗಿದ್ದು ನಿಜ. ಆದರೆ ಕಂಬ ಹತ್ತಿರವಿರುವುದರಿಂದ ಅದು ದಿನಾ ಕೂಗುತ್ತಿತ್ತು, ನಿಶಾ ಇವತ್ತೂ ಕಂಬವೇ ಅಂದುಕೊಂಡಳು.

ಚಕ್ರ ಹರಿಯಲಿಲ್ಲ, ಬಂಪರು ಬಡಿಯಿತು. ಪಾದದ ಕೀಲಿನ ಮೇಲೆ ಮೂಳೆ ಬಿರುಕು ಬಿಟ್ಟಿತು. "ಮೌಶೀ, ಸಾರಿ, ಸಾರಿ, ಬಹುತ್ ಲಗಾ ಕ್ಯಾ?" ತುಂಬ ಪೆಟ್ಟಾಯಿತೇ ಎಂದು ಕೇಳುತ್ತ ನಿಶಾ ಮರೆಮ್ಮನಿಗಿಂತ ಜೋರಾಗಿ ಅತ್ತಳಂತೆ. ಅವಳೇ ಎತ್ತಿ ಅದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದಳು, ಮೂರು ವಾರ ಪಟ್ಟಿ ಬಿತ್ತು. ಆ ಮೂರು ವಾರ ಶಂಕ್ರೆಪ್ಪ ಬಂದು ಕಾರು ತೊಳೆದರು. ಹೊಸ ಸ್ಲ್ಯಾಬಿಗೆ ನೀರು ಹೊಡೆದು ಅಭ್ಯಾಸವಾದ ಕೈ, ಒಂದೊಂದು ಕಾರಿಗೆ ಎರಡೆರಡು ಬಕೆಟ್ ಸುರಿದು ಬೇಸ್‌ಮೆಂಟನ್ನು ಕೆರೆ ಮಾಡಿದರು. ಮನೆಯವರೆಲ್ಲ ಮರೆಮ್ಮ ಯಾವಾಗ ಬರುತ್ತಾರೆಂದು ಕೇಳತೊಡಗಿದರು.

ಎಲ್ಲರಿಗಿಂತ ಮೊದಲು ಚಾಳಿಗೆ ಬಂದವರು ಪುಂಡರೀಕಾಕ್ಷರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಕೈಯಲ್ಲಿ ಒಂದು ಕಾಗದ. ಸೊಸೈಟಿಯಲ್ಲಿ ಆಗ ಜಗಳ ಎದ್ದಿತ್ತು. ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟ್ ಬೇಕೆಂದು ಕೆಲವರು, ಬೆಂಕಿ ಬಿದ್ದರೆ ಏನು ಗತಿ ಎಂದು ಕೆಲವರು. ಪುಂಡರೀಕಾಕ್ಷರು ಎರಡನೆಯ ಕಡೆ. ಅವರ ಭಯ ಸುಳ್ಳಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಒಮ್ಮೆ ಸಿಲಿಂಡರಿಗೆ ಬೆಂಕಿ ಹತ್ತಿದ್ದನ್ನು ಕಣ್ಣಾರೆ ಕಂಡವರು ಅವರು, ತೋಳಿನ ಮೇಲೆ ಇನ್ನೂ ಕಲೆಯಿದೆ. "ನೋಡು ಮಾರಾಯ್ತಿ, ನಿನಗೆ ಪೆಟ್ಟಾದದ್ದು ನನಗೆ ಬೇಜಾರುಂಟು. ಇವತ್ತು ಕಾಲು, ನಾಳೆ ಮತ್ತೆಂತದೋ. ಇದಕ್ಕೊಂದು ಸಹಿ ಹಾಕು, ಉಳಿದದ್ದು ನಾನು ನೋಡಿಕೊಳ್ತೇನೆ," ಎಂದರು.

ಕಾಗದ ಮರಾಠಿಯಲ್ಲಿತ್ತು. ಸಂಜೆ ಮಾಲಾ ಓದಿ ಹೇಳಿದಳು. ಎಲೆಕ್ಟ್ರಿಕ್ ಗಾಡಿ ಸದ್ದಿಲ್ಲದೆ ಬಂದು ನನಗೆ ಗಾಯವಾಗಿದೆ, ಇಂಥ ಗಾಡಿಗಳನ್ನು ಬೇಸ್‌ಮೆಂಟಿನಿಂದ ಹೊರಗೆ ಹಾಕಬೇಕೆಂದು ನನ್ನ ವಿನಂತಿ ಎಂದು ಮರೆಮ್ಮನ ಹೆಸರಿನಲ್ಲಿ ಬರೆದಿತ್ತು. ಹೊರಗೆ ಅಂದರೆ ಗೇಟಿನ ಬಳಿಯ ಬಯಲು. ಅಲ್ಲಿ ಮಳೆ ಬಿಸಿಲು ಎರಡೂ ಉಂಟು, ಪ್ಲಗ್ಗು ಇಲ್ಲ. ಆ ಒಂಬತ್ತರಲ್ಲಿ ಅರ್ಧ ಮಾರಾಟವಾಗುತ್ತವೆ, ಕೊಳ್ಳಬೇಕೆಂದಿರುವವರು ಮತ್ತೆ ಪೆಟ್ರೋಲಿನದನ್ನೇ ಕೊಳ್ಳುತ್ತಾರೆ. ಮಾಲಾ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದರೆ ಮರೆಮ್ಮ ಗೂಟಕ್ಕೆ ನೇತುಹಾಕಿದ ಪಂಪಿನ ಚೀಲವನ್ನೇ ನೋಡುತ್ತಿದ್ದರು. ಸಹಿ ಹಾಕಿದರೆ ಸೆಕ್ರೆಟರಿಗೆ ಸಂತೋಷ, ಕೆಲಸ ಭದ್ರ. ಆದರೆ ಆ ಹೊಗೆ ಮತ್ತೆ ಮೂಗಿನ ಎತ್ತರಕ್ಕೆ ಬರುತ್ತದೆ. ಸಹಿ ಹಾಕದಿದ್ದರೆ ಹದಿನಾಲ್ಕು ವರ್ಷ ಉಪ್ಪಿಟ್ಟು ಚಹಾ ಕೊಟ್ಟ ಮನುಷ್ಯನಿಗೆ ಎದುರು ನಿಂತ ಹಾಗೆ. 

ಪಟ್ಟಿ ಬಿಚ್ಚಿದ ಮೇಲಿನ ಭಾನುವಾರ ಬೆಳಿಗ್ಗೆ ಸೊಸೈಟಿಯ ಸಭೆ. ಮರೆಮ್ಮ ಕೋಲೂರಿಕೊಂಡು ಬಂದರು, ಬಗಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಸಹಿ ಇಲ್ಲದ ಕಾಗದವನ್ನು ಪುಂಡರೀಕಾಕ್ಷರ ಮುಂದಿಟ್ಟು, ಚೀಲದಿಂದ ಬಟ್ಟೆಗಳನ್ನು ತೆಗೆದು ಮೇಜಿನ ಮೇಲೆ ಹಾಸಿದರು. ಒಂದು ಡೀಸೆಲ್ಲಿನದು, ಒಂದು ಪೆಟ್ರೋಲಿನದು, ಒಂದು ಗ್ಯಾಸಿನದು, ಒಂದು ಸತ್ಯಭಾಮಾ ಅವರ ಗಾಡಿಯದು. ಕೊನೆಯದು ಬಿಳಿ ಬಟ್ಟೆ, ಮಡಿಕೆ ಕೂಡ ಬಿಚ್ಚಿರಲಿಲ್ಲ. ಹಿಂದಿಯಲ್ಲಿ ಶುರು ಮಾಡಿದ ಮಾತು ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ಹೊರಳಿತು, ಸತ್ಯಭಾಮಾ ಎದ್ದು ನಿಂತು ಅದನ್ನು ಉಳಿದವರಿಗೆ ಹೇಳುತ್ತ ಹೋದರು.

"ಪೆಟ್ಟು ಬಿದ್ದದ್ದು ಖರೇ, ಸಾಹೇಬ್ರ. ಸುಳ್ಳು ಹೇಳಂಗಿಲ್ಲ. ಆದ್ರ ಅದು ಕಾಲಿಗಿ ಬಿದ್ದದ. ಕಾಲು ಮೂರು ವಾರದಾಗ ಕೂಡ್ತು. ಎದಿ ಹದಿನಾಲ್ಕು ವರ್ಷ ಆತು, ಕೂಡಿಲ್ಲ. ಈಗ ಒಂದೀಟು ಕೂಡಾಕತ್ತದ. ಅದಕ್ಕ ಮತ್ತ ಪೆಟ್ಟು ಹಾಕಬ್ಯಾಡ್ರಿ."

ಮುಂದಿನ ಸಾಲಿನವರು ಬಗ್ಗಿ ಬಟ್ಟೆಗಳನ್ನು ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, ಕರೆಂಟು ಮಾಡಲು ಕಲ್ಲಿದ್ದಲು ಸುಡುವುದಿಲ್ಲವೇ, ಹೊಗೆ ಇಲ್ಲಿ ತಪ್ಪಿದರೆ ಅಲ್ಲಿ ಇದ್ದೇ ಇದೆಯಲ್ಲ ಎಂದರು. ಕೆಲವರು ತಲೆಯಾಡಿಸಿದರು. ಮರೆಮ್ಮ ಆ ಕಡೆ ತಿರುಗಿದ ರೀತಿಯನ್ನು ಸತ್ಯಭಾಮಾ ಇವತ್ತೂ ನೆನೆಯುತ್ತಾರೆ.

"ಅದು ನನಗ ಹೇಳಬ್ಯಾಡ್ರಿ ಅಣ್ಣಾರ, ನಾ ಆ ಬೂದಿಯೊಳಗ ಬೆಳದೀನಿ. ನಮ್ಮೂರ ಮಗ್ಗಲದಾಗ ಕಲ್ಲಿದ್ದಲಿ ಸುಟ್ಟು ಕರೆಂಟ್ ಮಾಡ್ತಾರ. ನಮ್ಮವ್ವ ಒಣಗಾಕಿದ ಸೀರಿ ಝಾಡಿಸಿ ಉಟಗೊತಿದ್ಲು. ಕರೆಂಟಿನ ಗಾಡಿ ಉಪವಾಸ ಇರ್ತದ ಅಂತ ನಾ ಎಲ್ಲಿ ಅಂದೀನ್ರಿ? ಅದು ಬ್ಯಾರೇರ ಮನ್ಯಾಗ ಉಂಡು ಬರ್ತದ. ಆದ್ರ ಅಲ್ಲಿ ಚಿಮಣಿ ಒಂದೇ ಅದ. ಒಂದು ಬಾಯಿಗಿ ಅರಿವಿ ಕಟ್ಟರಿ ಅಂತ ಸರಕಾರಕ್ಕ ಕೇಳಬೌದು. ಇಲ್ಲಿ ಇಪ್ಪತ್ತೈದು ಬಾಯಿ ಅವ, ಎಷ್ಟಕ್ಕಂತ ಕಟ್ಟತೀರಿ? ಮತ್ತ ನಿಮ್ಮ ಮಾಳಿಗಿ ಮ್ಯಾಗ ದಿನಾ ಇಷ್ಟು ಬಿಸಿಲು ಬೀಳ್ತದ, ಅದನ್ನ ಯಾರೂ ಉಣ್ಣಂಗಿಲ್ಲ. ಅದರ ಕರೆಂಟ್ ಮಾಡ್ರಿ, ನಮ್ಮವ್ವಗೂ ಸುಖ."

ಪುಂಡರೀಕಾಕ್ಷರು ಮೇಜಿನ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. "ಈ ಕಪ್ಪಿನದು ಯಾರದ್ದು ಮಾರಾಯ್ತಿ?" ಎಂದು ಕೇಳಿದರು. ಮರೆಮ್ಮ ಸುಮ್ಮನೆ ನೆಲ ನೋಡಿದರು. ಇಡೀ ಸಭೆಗೆ ಅರ್ಥವಾಯಿತು. ಪುಂಡರೀಕಾಕ್ಷರು ಬಟ್ಟೆಯನ್ನು ಮಡಿಸಿ ವಾಪಸ್ ಇಟ್ಟು, "ಆಯ್ತು, ಬೆಂಕಿಯ ವ್ಯವಸ್ಥೆ ಸರಿಯಾಗಿ ಮಾಡಿದರೆ ನನ್ನದು ತಕರಾರಿಲ್ಲ. ಆದರೆ ಈ ಗಾಡಿ ಸದ್ದು ಮಾಡುದಿಲ್ವಲ್ಲ, ಅದಕ್ಕೆಂತ ಮಾಡ್ತಿ?" ಎಂದರು. ಮರೆಮ್ಮ ಅದನ್ನೂ ಯೋಚಿಸಿಕೊಂಡೇ ಬಂದಿದ್ದರು.

ಅವರ ತಮ್ಮ ರೇವಣಸಿದ್ದ ಭಿವಂಡಿಯ ಗೋದಾಮಿನಲ್ಲಿ ಹಮಾಲಿ ಮಾಡುತ್ತಾನೆ. ಊರಿಗೆ ಹೋಗಿದ್ದವನು ಅಕ್ಕನ ಫೋನಿನ ಮೇಲೆ ಮನೆಯ ಗೂಟದಲ್ಲಿದ್ದ ಎತ್ತಿನ ಗೆಜ್ಜೆಸರವನ್ನು ಚೀಲಕ್ಕೆ ಹಾಕಿಕೊಂಡು ಬಂದ. ಅಪ್ಪ ಬಂಡಿ ಹೊಡೆಯುತ್ತಿದ್ದ ಕಾಲದ್ದು. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಆ ಸರಕ್ಕೆ ಕೆಲಸವಿರಲಿಲ್ಲ. ಕಲ್ಯಾಣ ಸ್ಟೇಷನ್ನಿನಲ್ಲಿ ಲೋಕಲ್ ಹತ್ತುವಾಗ ಚೀಲದೊಳಗಿಂದ ಸದ್ದು ಬಂದು ಜನರೆಲ್ಲ ತಿರುಗಿ ನೋಡಿದರಂತೆ. ಎತ್ತು ಎಲ್ಲಿ ಎಂದು ಒಬ್ಬ ಕೇಳಿದನಂತೆ. ತೊಗಲಿನ ಪಟ್ಟಿ ಹಳತಾಗಿ ಹರಿದಿತ್ತು. ಮರೆಮ್ಮ ಅದನ್ನು ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಹದಿನೈದು ಗೆಜ್ಜೆ ಹೊಳೆದವು. ಒಂಬತ್ತನ್ನು ಒಂಬತ್ತು ಗಾಡಿಗಳಿಗೆ ಕಟ್ಟಿದರು.

ಗೆಜ್ಜೆಯ ಗುಣ ಏನೆಂದರೆ ಗಾಡಿ ಹೊರಡುವವರೆಗೂ ಅದು ಕಾಯುವುದಿಲ್ಲ. ಬಾಗಿಲು ತೆಗೆದು ಯಾರಾದರೂ ಕೂತರೆ, ಬಾಗಿಲು ಹಾಕಿದರೆ, ಅಷ್ಟು ಅಲುಗಾಟಕ್ಕೇ ಗಲ್ ಎನ್ನುತ್ತದೆ. ಮರೆಮ್ಮನಿಗೆ ಅಷ್ಟು ಸಾಕು. ಯಾವ ಮೂಲೆಯಲ್ಲಿ ಯಾವ ಗೆಜ್ಜೆ ಎಂಬುದೂ ಅವರ ಕಿವಿಗೆ ಈಗ ಪಾಠವಾಗಿದೆ. ಆ ವರ್ಷದ ಸಭೆಯ ನಡಾವಳಿಯಲ್ಲಿ ಪುಂಡರೀಕಾಕ್ಷರು ತಮ್ಮ ಕೈಬರಹದಲ್ಲೇ ಬರೆದಿದ್ದಾರೆ: ಬೇಸ್‌ಮೆಂಟಿನಲ್ಲಿ ನಿಲ್ಲುವ ಪ್ರತಿ ಎಲೆಕ್ಟ್ರಿಕ್ ಗಾಡಿಯೂ ಘುಂಗರೂ ಕಟ್ಟಿಕೊಂಡಿರತಕ್ಕದ್ದು. ನಿಶಾಳ ಆಫೀಸಿನಲ್ಲಿ ಮೊದಲು ಎಲ್ಲರೂ ನಕ್ಕರು. "ಈಗ ಪಾರ್ಕಿಂಗ್‌ನಲ್ಲಿ ಗಾಡಿ ಹುಡುಕೋದು ಈಸಿ ಆಗಿದೆ ಮೌಶಿ," ಎಂದು ಅವಳು ತನಗೆ ಬರುವಷ್ಟು ಕನ್ನಡದಲ್ಲಿ ಹೇಳುತ್ತಾಳೆ. ಹೊರಡುವ ಮುಂಚೆ ಕಾರಿನ ಸುತ್ತ ಒಂದು ಸಲ ನಡೆದು ಬರುವುದನ್ನು ಅವಳು ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಚಾರ್ಜಿಂಗ್ ಪಾಯಿಂಟುಗಳು ಇಳಿಜಾರಿನ ಬಾಯಿಯ ಬಳಿ, ಗಾಳಿಯಾಡುವ ಕಡೆ ಬಂದಿವೆ. ಮರಳಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರು, ಹೊಗೆ ಕಂಡರೆ ಕೂಗುವ ಯಂತ್ರ ಎಲ್ಲ ಇದೆ. ಕೆಟ್ಟ ಫ್ಯಾನು ರಿಪೇರಿಯಾಗಿ ಈಗ ಐದು ಗಂಟೆಗೇ ತಿರುಗುತ್ತದೆ. ಮಾಳಿಗೆಯ ಮೇಲೆ ಸೋಲಾರ್ ಹಾಕುವ ಮಾತು ಇನ್ನೂ ಮಾತಿನಲ್ಲೇ ಇದೆ. ಅದನ್ನು ಮರೆಮ್ಮ ಪುಂಡರೀಕಾಕ್ಷರಿಗೆ ವಾರಕ್ಕೊಮ್ಮೆ ನೆನಪು ಮಾಡುತ್ತಾರೆ. ಅವರ ಡೀಸೆಲ್ ಗಾಡಿ ಈಗಲೂ ಐದೂವರೆಗೆ ಏಳುತ್ತದೆ. ಆದರೆ ಸ್ತೋತ್ರವನ್ನು ಲಿಫ್ಟಿನಲ್ಲೇ ಮುಗಿಸಿಕೊಂಡು ಬರುತ್ತಾರೆ, ಚಾಲೂ ಮಾಡಿದವರೇ ಹೊರಟುಬಿಡುತ್ತಾರೆ. "ಇನ್ನೂ ಎರಡು ವರ್ಷ ಓಡ್ತದೆ ಮಾರಾಯ್ತಿ, ಓಡುವ ಗಾಡಿ ಹೇಗೆ ಬಿಡುದು?" ಎನ್ನುತ್ತಾರೆ ಅವರು. ಮರೆಮ್ಮ ಅವಸರ ಮಾಡುವುದಿಲ್ಲ.

ಒಂಬತ್ತು ಗಂಟೆ ಆಗಿದೆ. ಮೂವತ್ನಾಲ್ಕನೆಯ ಕಾರು ಮುಗಿಸಿ ಮರೆಮ್ಮ ಮೊದಲ ಕಂಬದ ಬುಡದಲ್ಲಿ ಕೂರುತ್ತಾರೆ. ಅಲ್ಲಿನ ಗೂಡಿನಲ್ಲಿ ಅವರದೊಂದು ಬಿಸ್ಕಿಟಿನ ಡಬ್ಬಿಯಿದೆ. ಅದರಲ್ಲಿ ಉಳಿದ ಆರು ಗೆಜ್ಜೆ. ಐದು ಒಂದೇ ಅಳತೆಯವು, ಒಂದು ಮಾತ್ರ ಲಿಂಬೆಹಣ್ಣಿನಷ್ಟು ದೊಡ್ಡದು, ಸರದ ನಡುವಿನದು. ಅದನ್ನು ಬೇರೆ ಚಿಂದಿಯಲ್ಲಿ ಸುತ್ತಿಟ್ಟಿದ್ದಾರೆ. ಯಾರಿಗೆ ಎಂದರೆ, "ಸೆಕ್ರೆಟರಿ ಸಾಹೇಬ್ರಿಗಿರಿ. ಅವರು ಯಾವಾಗ ತಗೊಂಡರೂ ದೊಡ್ಡ ಗಾಡೀನೇ ತಗೋತಾರ, ಸಣ್ಣ ಗೆಜ್ಜಿ ಶೋಭಾ ಕಾಣಂಗಿಲ್ಲ," ಎಂದು ಡಬ್ಬಿ ಮುಚ್ಚುತ್ತಾರೆ.

ನಿಮಗೆ ಇನ್ನೇನಾಗಬೇಕು ಎಂದು ಕೇಳಿದರೆ ಬಕೆಟ್ಟನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಮಗಳ ಓದು, ಗಂಡನ ಮೊಣಕಾಲು, ಊರಿನಲ್ಲಿ ಇನ್ನೂ ಸೀರೆ ಝಾಡಿಸುವ ಅವ್ವ, ಎಲ್ಲವೂ ಮುಖದ ಮೇಲೆ ಹಾದು ಹೋಗುತ್ತವೆ. ಕೊನೆಗೆ ಕೈಯಲ್ಲಿರುವ ಕಪ್ಪು ಬಟ್ಟೆಯನ್ನು ನೋಡುತ್ತಾರೆ.

"ಈ ಡಬ್ಬಿ ಖಾಲಿ ಆಗಬೇಕ್ರಿ. ಆಮ್ಯಾಗ ಉಳದ ಗಾಡಿಗೂ ನಮ್ಮೂರಿಂದ ಇನ್ನೊಂದು ಸರ ತರಸ್ತೀನಿ. ಕಟ್ಟಕಡಿ ಗಾಡಿಗಿ ಗೆಜ್ಜಿ ಕಟ್ಟಿದ ದಿನ, ಈ ಪೈಪ್ ಒರಸೋ ಅರಿವಿ ಅದಲ್ಲ, ಇದನ್ನ ಗೇಟಿನ ಹೊರಗ ಒಯ್ದು ಸುಟ್ಟಬಿಡ್ತೀನಿ." ಅಷ್ಟು ಹೇಳಿದವರು ಥಟ್ಟನೆ ನಿಲ್ಲಿಸುತ್ತಾರೆ. ತಪ್ಪು ಮಾತಾಡಿದ ಹಾಗೆ ನಾಲಿಗೆ ಕಚ್ಚಿಕೊಂಡು, ಬಟ್ಟೆಯನ್ನು ಬಕೆಟ್ಟಿನ ಉಳಿದ ನೀರಿಗೆ ಅದ್ದುತ್ತಾರೆ.

"ಸುಡಂಗಿಲ್ಲ ಬಿಡ್ರಿ, ಹೊಗಿ ಏಳ್ತದ. 
ಒಗದು ಇಡ್ತೀನಿ."